ಕೆಂಚಮ್ಮಾಳ್ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿದ್ದು

ತಮಿಳುನಾಡಿನ ತೇನಿಯ ಹಳೇ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿ ಹೋದ ವರ್ಷ ಬಿಟ್ಟೆ. ಅಷ್ಟು ವರ್ಷದಲ್ಲಿ ಅಂಗಡಿ ಮೆಟ್ಟಿಲು ಹತ್ತಿದವರಲ್ಲಿ ಅರ್ಧ ಜನ ನನ್ನನ್ನು ನೋಡಿ ಮೊದಲು ಕೇಳಿದ್ದು, “ಮೆಕ್ಯಾನಿಕ್ ಇಲ್ಲವಾ?” ಎಂದು. ನಾನೇ ಮೆಕ್ಯಾನಿಕ್ ಎಂದರೆ ನಕ್ಕು, ಬೆಂಚಿನ ಮೇಲೆ ಕೂತು, ಯಾರಾದರೂ ಗಂಡಸು ಬರಲಿ ಎಂದು ಕಾಯುತ್ತಿದ್ದರು. ಕಾದು ಕಾದು ಸಾಕಾದ ಮೇಲೆ, “ಸರಿ ಟೀಚರ್, ನೀವೇ ನೋಡಿ” ಎನ್ನುತ್ತಿದ್ದರು. ನಮ್ಮ ಕಡೆ ಕನ್ನಡಕ ಹಾಕಿದ ಹೆಂಗಸೆಂದರೆ ಟೀಚರೇ. ಪಾರ್ವತಿ ಎಂಬ ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ಮನೆಮಾತು ಕನ್ನಡ, ಓದಿದ್ದು ತಮಿಳು. ಮದುವೆಯಾದ ಹೊಸದರಲ್ಲಿ ನಾಲ್ಕು ವರ್ಷ ಕೊಳ್ಳೇಗಾಲದಲ್ಲಿದ್ದಾಗ ಕಲಿತ ಅಕ್ಷರ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು, “ಅಕ್ಕಾ, ಯಾವ ಎಸ್‌ಎಸ್‌ಡಿ ಹಾಕಬೇಕು?” ಎಂದು ಫೋನು ಮಾಡುತ್ತಿರುತ್ತಾರೆ. ಒಂದು ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ. ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನಾದರೆ ಹೇಳಬಲ್ಲೆ.

ಹಳೇ ಹಾರ್ಡ್‌ಡಿಸ್ಕಿಗೆ ದನಿ ಇತ್ತು. ಸಾಯುವ ಮುಂಚೆ ಟಕ್, ಟಕ್ ಎಂದು ಹೇಳಿ ಸಾಯುತ್ತಿತ್ತು. ಕಿವಿಗೆ ಹಿಡಿದು ಇನ್ನೆಷ್ಟು ದಿನ ಎಂದು ನಾವು ಹೇಳುತ್ತಿದ್ದೆವು. ಮೊದಲ ಎಸ್‌ಎಸ್‌ಡಿ ಅಂಗಡಿಗೆ ಬಂದ ದಿನ ನಮ್ಮ ಮುದಲಾಳಿ, ಅಂಗಡಿ ಯಜಮಾನರು, ಚೆಲ್ಲದುರೈ ಅದನ್ನೂ ಕಿವಿಗೆ ಹಿಡಿದರು. ಅಲ್ಲಾಡಿಸಿದರು. ಮತ್ತೆ ಹಿಡಿದರು. “ಸತ್ತ ಮಾಲು ಕಳಿಸಿದ್ದಾನೆ, ವಾಪಸ್ ಮಾಡು” ಎಂದರು. ಒಳಗೆ ತಿರುಗುವ ತಟ್ಟೆಯೇ ಇಲ್ಲ, ಅದಕ್ಕೇ ಸದ್ದಿಲ್ಲ ಎಂದು ನಾನು ತಿಳಿಸಿ ಹೇಳಿದೆ. “ತಿರುಗದೇ ಇರುವುದಕ್ಕೆ ಇಷ್ಟು ದುಡ್ಡಾ?” ಎಂದರು. ಆ ವರ್ಷದ ಆಯುಧಪೂಜೆಗೆ ಅವರು ಭಕ್ತಿಯಿಂದ ಹೊಸ ಮಾಲಿಗೆಲ್ಲ ಗಂಧ, ಕುಂಕುಮ ಹಚ್ಚಿದರು. ಗಂಧ ಬಳಿದದ್ದು ಸರಿಯಾಗಿ ಡ್ರೈವಿನ ತುದಿಯಲ್ಲಿ ಕರೆಂಟು ಹಾಯುವ ಬಂಗಾರದ ಬಣ್ಣದ ಹಲ್ಲುಗಳ ಮೇಲೆ. ಮೂರು ಡ್ರೈವ್ ಪೂಜೆಯಲ್ಲೇ ಹೋದವು.

ಮುದಲಾಳಿಗೆ ಒಂದು ನಿಯಮವಿತ್ತು: ಗಿರಾಕಿ ಏನು ಕೇಳಿದರೂ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಹೇಳು. ಅದನ್ನು ನಂಬಿ ನಾನೊಮ್ಮೆ ಕಂಬಂನ ದ್ರಾಕ್ಷಿ ವ್ಯಾಪಾರಿಯೊಬ್ಬರ ಲ್ಯಾಪ್‌ಟಾಪಿಗೆ ಎಲ್ಲಕ್ಕಿಂತ ವೇಗದ್ದನ್ನು ಆರಿಸಿದೆ. ಚೂಯಿಂಗ್ ಗಮ್ಮಿನ ಪಟ್ಟಿಯಂತೆ ಉದ್ದಕ್ಕಿರುತ್ತದಲ್ಲ, ಎನ್‌ವಿಎಂಇ, ಅದು. ತೇನಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಅವರ ಮಂಡಿಯಲ್ಲಿ ಹತ್ತು ಜನರ ಎದುರು ಲ್ಯಾಪ್‌ಟಾಪ್ ಬಿಚ್ಚಿದೆ. ಜಾಗವಿತ್ತು, ಉದ್ದವೂ ಸರಿಯಿತ್ತು, ಆದರೆ ಕೂರಲೊಲ್ಲದು. ಆ ಲ್ಯಾಪ್‌ಟಾಪಿನ ಸಂದು ಅದೇ ಆಕಾರದ, ಆದರೆ ಅಷ್ಟು ವೇಗವಿಲ್ಲದ ಸಾಟಾ ಎಂಬ ಡ್ರೈವಿಗೆ ಮಾಡಿದ್ದು. ಕಚ್ಚು ಇರುವ ಜಾಗ ಬೇರೆ. ಬೆವರೊರೆಸಿಕೊಂಡು ಮತ್ತೆ ಮತ್ತೆ ತಿರುಗಿಸಿ ಒತ್ತಿದೆ. ದ್ರಾಕ್ಷಿ ಕ್ರೇಟು ಹೊರುವವರೊಬ್ಬರು, “ಟೀಚರಮ್ಮಾ, ಬೇಕಾದ್ರೆ ಸುತ್ತಿಗೆ ತರಲಾ?” ಎಂದರು. ಅಂದಿನಿಂದ ಒಂದು ಕಲಿತೆ. ಅಂಗಡಿಯಿಂದ ಡ್ರೈವ್ ತೆಗೆಯುವ ಮುಂಚೆ ಯಂತ್ರದ ಹೊಟ್ಟೆ ಬಿಚ್ಚಿ ನೋಡಿ. ದಿನದ ಕೆಲಸಕ್ಕೆ, ಪತ್ರ ಟೈಪ್ ಮಾಡಿ ಸಿನಿಮಾ ನೋಡುವವರಿಗೆ, ಸಾದಾ ಸಾಟಾ ಡ್ರೈವೇ ಧಾರಾಳ ಸಾಕು. ತಟ್ಟೆಯಿಂದ ಎಸ್‌ಎಸ್‌ಡಿಗೆ ಬಂದಾಗಿನ ವ್ಯತ್ಯಾಸ ಅಜ್ಜಿಗೂ ಗೊತ್ತಾಗುತ್ತದೆ; ಎಸ್‌ಎಸ್‌ಡಿಯಿಂದ ಇನ್ನೂ ಬಿರುಸಿನ ಎಸ್‌ಎಸ್‌ಡಿಗೆ ಹೋದದ್ದು ಪೆಟ್ಟಿಗೆ ಮೇಲಿನ ಅಕ್ಷರ ಓದಿದರೆ ಮಾತ್ರ ಗೊತ್ತಾಗುತ್ತದೆ.

ಹೆಚ್ಚು ಹೇಳಿ ಕೆಟ್ಟದ್ದೂ ಉಂಟು. ಪೆರಿಯಕುಳಂನ ಒಬ್ಬ ನಿವೃತ್ತ ಹೆಡ್‌ಮಾಸ್ಟರಿಗೆ ಎಸ್‌ಎಸ್‌ಡಿ ಹಾಕಿಕೊಟ್ಟು, ಬರೆದಷ್ಟೂ ಇದು ಸವೆಯುತ್ತದೆ ಎಂದು ವಿಜ್ಞಾನ ವಿವರಿಸಿ ಬಂದೆ. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಮೇಷ್ಟ್ರು ಎಲ್ಲವನ್ನೂ ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ತಿದ್ದಿ, ಮಡದಿಗೆ ಓದಿ ಹೇಳಿ, ಇನ್ನು ಬದಲಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ವಾರಕ್ಕೊಮ್ಮೆ ಟೈಪ್ ಮಾಡಿ ಸೇವ್ ಮಾಡುತ್ತಿದ್ದರು. ತಪ್ಪಿ ಎರಡು ಸಲ ಸೇವ್ ಒತ್ತಿದ ದಿನ ಅವರಿಗೆ ಊಟ ಸೇರಲಿಲ್ಲವಂತೆ. ನೀವು ದಿನವಿಡೀ ಬರೆದರೂ ನಿಮ್ಮ ಆಯಸ್ಸಿಗೆ ಸಾಲುತ್ತದೆ ಎನ್ನಲು ಹೋಗಿ, ಆ ಮಾತು ಹಿರಿಯರಿಗೆ ಹೇಳುವಂಥದ್ದಲ್ಲ ಎಂದು ಅರ್ಧಕ್ಕೆ ನುಂಗಿದೆ.

ಇವೆಲ್ಲ ಸಣ್ಣವು. ನಾನು ನಿಜವಾಗಿ ಕೆಟ್ಟದ್ದು ಕೆಂಚಮ್ಮಾಳ್ ಕೈಯಲ್ಲಿ. ಅಥವಾ ಅವರು ನನ್ನ ಕೈಯಲ್ಲಿ.

ಕೆಂಚಮ್ಮಾಳ್ ಕಂಬಂನವರು. ಅರವತ್ತು ದಾಟಿದ ಗಟ್ಟಿ ಹೆಂಗಸು. ಕಂಬಂನಿಂದ ದಿಂಡಿಗಲ್‌ವರೆಗೆ ಕನ್ನಡ ಮಾತಾಡುವ ನಮ್ಮ ಜನರ ಮನೆಗಳಲ್ಲಿ ಸಂಬಂಧ ಕೂಡಿಸುವುದು ಅವರ ವೃತ್ತಿ. ಯಾವ ಕುಲಕ್ಕೆ ಯಾವ ಕುಲ ಆಗುತ್ತದೆ, ಯಾರ ತಾತ ಯಾರ ಜೊತೆ ಬಾವಿ ವಿಷಯಕ್ಕೆ ಜಗಳವಾಡಿದ್ದ, ಎಲ್ಲ ಅವರಿಗೆ ಗೊತ್ತು. ನಾನೂರು ಮನೆಗಳ ಗಂಡು ಹೆಣ್ಣುಗಳ ಬಯೋಡೇಟಾ, ಜಾತಕ, ಫೋಟೋ ಎಲ್ಲವೂ ಅವರ ಕಂಪ್ಯೂಟರಿನಲ್ಲಿದ್ದವು. ಒಂದು ದಿನ ಅದನ್ನು ಶೇರ್ ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು, ಮತ್ತೆ ಬಸ್ಸಿಗೆ ಹತ್ತಿಸಿ, ತೇನಿಗೆ ತಂದರು. ಕೀಬೋರ್ಡಿನಲ್ಲಿ ಒಂದು ಕೀಲಿ ಸಿಕ್ಕಿಹಾಕಿಕೊಂಡಿತ್ತು. ಅಷ್ಟೇ ತೊಂದರೆ.

ಕಂಪ್ಯೂಟರ್ ಹಾಕಿದೆ. ಅದು ಎದ್ದು ಕೂರುವಷ್ಟರಲ್ಲಿ ನಾವಿಬ್ಬರೂ ಕಾಫಿ ಕುಡಿದು, ಅವರು ನನ್ನ ಗಂಡನ ಊರು, ನನ್ನ ಅತ್ತೆಯ ತವರು, ನನಗೆ ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನೆಲ್ಲ ಕೇಳಿಯಾಗಿತ್ತು.

“ಚಿಕ್ಕಮ್ಮಾ, ಇದಕ್ಕೆ ಎಸ್‌ಎಸ್‌ಡಿ ಹಾಕಿಸಿ. ಒತ್ತಿದ ತಕ್ಷಣ ಏಳ್ತದೆ” ಎಂದೆ.

“ನಂಗ್ಯಾಕೆ ಕಣ್ಣು ಅವಸರ? ಕೀಲಿ ಸರಿ ಮಾಡಿಕೊಡು, ಓಗ್ತೀನಿ.” ಅವರ ಬಾಯಲ್ಲಿ ಮುದ್ದಿಗೆ ಎಲ್ಲರೂ ‘ಕಣ್ಣು’, ಹುಡುಗಿಯರೆಲ್ಲ ‘ಪೊಣ್ಣು’.

ನಾನು ಬಿಡಲಿಲ್ಲ. ಮುದಲಾಳಿಯ ಮೆಟ್ಟಿಲು ನೆನಪಾಯಿತು. ಡಿಸ್ಕು ಹಳತಾಗಿದೆ, ಯಾವಾಗ ಬೇಕಾದರೂ ಹೋಗಬಹುದು, ನಾನೂರು ಮನೆಯ ಪತ್ರ ಹೋದರೆ ಗತಿಯೇನು ಎಂದು ಹೆದರಿಸಿದೆ. ಹೆದರಿದರು. “ಸರಿ, ನೀನು ನಮ್ಮ ಪೊಣ್ಣು, ನಿನ್ನ ನಂಬಿ ಬಿಟ್ಟು ಓಗ್ತೀನಿ. ಸುಕ್ರವಾರದೊಳಗೆ ಬೇಕು, ಮೂರು ಮನೆಯವ್ರು ಬತ್ತಾರೆ” ಎಂದು ಹೇಳಿ ಹೋದರು.

ಹಳೇ ಡಿಸ್ಕಿನಲ್ಲಿರುವುದನ್ನು ಹೊಸದಕ್ಕೆ ಇದ್ದ ಹಾಗೇ ಇಳಿಸುವುದಕ್ಕೆ ಒಂದು ಸಾಫ್ಟ್‌ವೇರ್ ಇದೆ. ಎಡಗಡೆ ಯಾವುದರಿಂದ, ಬಲಗಡೆ ಯಾವುದಕ್ಕೆ ಎಂದು ತೋರಿಸಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯವು. ಫೋನು ಬಡಿದುಕೊಳ್ಳುತ್ತಿತ್ತು, ಮುದಲಾಳಿ ಪ್ರಿಂಟರ್ ಬಗ್ಗೆ ಕೂಗುತ್ತಿದ್ದರು. ನಾನು ತೋರಿಸಿ ಒತ್ತಿದೆ. ಒಂದು ಗಂಟೆ ಹಿಡಿಯಬೇಕಾದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ‘ಎಸ್‌ಎಸ್‌ಡಿ ಅಂದರೆ ಇದಪ್ಪಾ’ ಎಂದು ಹಿಗ್ಗಿದೆ.

ಬೇಗ ಮುಗಿದದ್ದು ಏಕೆಂದರೆ ನಾನು ಖಾಲಿ ಡ್ರೈವನ್ನು ತುಂಬಿದ ಡಿಸ್ಕಿನ ಮೇಲೆ ಇಳಿಸಿದ್ದೆ.

ಅದು ತಿಳಿದ ಮೇಲಾದರೂ ಕೈ ಕಟ್ಟಿ ಕೂರಬೇಕಿತ್ತು. ಹಳೇ ಡಿಸ್ಕನ್ನು ಚುಚ್ಚಿದಾಗ ಕಂಪ್ಯೂಟರ್, ‘ಇದನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿತು. ಗಾಬರಿಯಲ್ಲಿದ್ದವಳು ಯಾರು ಏನು ಕೇಳಿದರೂ ಹೌದು ಎನ್ನುತ್ತಾಳೆ. ಹೌದು ಎಂದು ಒತ್ತಿದೆ.

ಮುದಲಾಳಿ ತಣ್ಣಗೆ ಹೇಳಿದರು: “ವೈರಸ್ ಅಂದುಬಿಡು.” ಎರಡು ದಿನ ನಾನು ವೈರಸ್ ಎನ್ನಲೂ ಇಲ್ಲ, ನಿಜ ಹೇಳಲೂ ಇಲ್ಲ, “ಒಂದು ಸಾಮಾನು ಬರಬೇಕು ಚಿಕ್ಕಮ್ಮಾ” ಎಂದು ಫೋನಿನಲ್ಲಿ ತಳ್ಳಿದೆ. ನನ್ನ ಒಂದು ಬೆರಳಿನಿಂದ ನಾನೂರು ಮನೆಯ ಮದುವೆ ನಿಂತವು ಎಂಬಂತೆ ಕಾಣುತ್ತಿತ್ತು. ಮೂರನೇ ದಿನ ಬಸ್ಸು ಹತ್ತಿ ಕಂಬಂಗೆ ಹೋಗಿ, ಅವರ ಜಗುಲಿಯ ಮೇಲೆ ಕೂತು ಎಲ್ಲ ಹೇಳಿದೆ. ಬಾಗಿಲು ತೋರಿಸುತ್ತಾರೆ ಎಂದುಕೊಂಡಿದ್ದೆ.

ಕೆಂಚಮ್ಮಾಳ್ ಕೇಳಿದರು: “ಎಲ್ಲಾನೂ?”

“ಎಲ್ಲಾನೂ, ಚಿಕ್ಕಮ್ಮಾ.”

“ಜಾದಗ?”

“ಅದೂ.”

ಆಮೇಲೆ, “ಉಂಡ್ಯಾ?” ಎಂದರು. ಇಲ್ಲ ಎಂದೆ. “ಉಣ್ಣದೆ ಅಳಬಾರ್ದು. ಎದ್ದೇಳು.”

ಅದೃಷ್ಟಕ್ಕೆ ಹೋದದ್ದು ತಟ್ಟೆಯ ಡಿಸ್ಕು. ಅದರಲ್ಲಿ ಅಳಿಸಿದ್ದು ಮೇಲೆ ಬೇರೇನಾದರೂ ಬರೆಯುವವರೆಗೆ ಕೆಳಗೆ ಇದ್ದೇ ಇರುತ್ತದೆ, ಹುಡುಕಿ ತೆಗೆಯಬಹುದು. ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಕೂಡಲೇ ತಾನೇ ಗುಡಿಸಿ ಒರೆಸಿ ಇಟ್ಟಿರುತ್ತಿತ್ತು. ಇದನ್ನು ಮರೆಯಬೇಡಿ: ವೇಗದ್ದು ಹೋಗುವಾಗಲೂ ವೇಗವಾಗಿಯೇ ಹೋಗುತ್ತದೆ, ಹೇಳದೆ ಹೋಗುತ್ತದೆ. ಯಾವ ಡ್ರೈವ್ ಆರಿಸಿದರೂ ಇನ್ನೊಂದು ಕಡೆ ಒಂದು ನಕಲು ಇಡಿ. ಮೊದಲು ನಕಲು, ಆಮೇಲೆ ನಿಮ್ಮ ಜಾಣತನ.

ಮರುದಿನದಿಂದ ಹುಡುಕಿ ತೆಗೆದೆ. ಬಯೋಡೇಟಾಗಳು, ಜಾತಕಗಳು ಬಂದವು. ಫೋಟೋಗಳೂ ಬಂದವು. ಆದರೆ ಫೈಲಿನ ಹೆಸರು ಒಂದಕ್ಕೂ ಇಲ್ಲ. ಎಲ್ಲಕ್ಕೂ ಬರೀ ನಂಬರು. ಬಯೋಡೇಟಾ ಒಳಗೆ ಓದಿದರೆ ಯಾರದೆಂದು ತಿಳಿಯುತ್ತದೆ. ಮುಖದ ಒಳಗೆ ಓದುವುದು ಹೇಗೆ?

ಕೆಂಚಮ್ಮಾಳ್ ಓದಿದರು. ಬರಬೇಕಿದ್ದ ಮೂರು ಮನೆಯವರಿಗೆ ಹತ್ತು ದಿನ ತಡೆಯಲು ಹೇಳಿ, ದಿನವೂ ಕಂಬಂನಿಂದ ಬಂದು ನನ್ನ ಪಕ್ಕ ಕೂತು, ಮೂಗು, ಕಿವಿ, ಹಣೆ ನೋಡಿ ಹೇಳುತ್ತಿದ್ದರು. “ಇದು ಕೋಂಬೈ ಮೂಗು. ಅಪ್ಪನ ಎಸ್ರು ಸೀನಿಯಪ್ಪ, ಬರ್ಕೋ.” “ಈ ಪೊಣ್ಣಿನ ಅಜ್ಜಿಗೂ ಇದೇ ಕಿವಿ.” “ತೆಗಿ ಇವ್ಳ, ಆಗ್ಲೇ ಎಲ್ಡು ಮಕ್ಕಳು.” “ಇವ್ನು ಅಳ್ತಾ ಉಟ್ಟಿದ್ದ, ಪೋಟೋದಾಗೂ ನಿಲ್ಲಿಸಿಲ್ಲ ನೋಡು.” ಅಂಗಡಿಗೆ ಬಂದ ಗಿರಾಕಿಗಳು ರಿಪೇರಿ ಮರೆತು ನಮ್ಮ ಹಿಂದೆ ನಿಂತು ನೋಡತೊಡಗಿದರು. ಮುದಲಾಳಿ ಬಯ್ಯಲು ಬಂದವರು, ನಮ್ಮ ಭಾಷೆಯವರಲ್ಲದಿದ್ದರೂ, ಕುರ್ಚಿ ಎಳೆದುಕೊಂಡು ಕೂತರು.

ಕೊನೆಯ ದಿನ ಹನ್ನೊಂದು ಫೋಟೋ, ಹತ್ತು ಬಯೋಡೇಟಾ ಉಳಿದವು. ಕೆಂಚಮ್ಮಾಳ್ ಯಾರದೋ ಮನೆ ಕಿವಿ ಚುಚ್ಚುವ ಕಾರ್ಯಕ್ಕೆ ಹೋಗಬೇಕಿತ್ತು. “ನಾಳೆ ನೋಡಾಣ” ಎಂದು ಎದ್ದರು. ನನಗೆ ಹೊಸ ಹುಮ್ಮಸ್ಸು. ಇಷ್ಟು ದಿನ ನೋಡಿ ನಾನೂ ಕಲಿತಿದ್ದೇನೆ ಎಂದುಕೊಂಡು ಉಳಿದವನ್ನು ನಾನೇ ಜೋಡಿಸಿದೆ. ಉತ್ತಮಪಾಳಯಂನ ಜೆಗದೀಸನ್ ಎಂಬವರ ಬಯೋಡೇಟಾದಲ್ಲಿ ‘ಹಾರ್ಡ್‌ವೇರ್ ಅಂಗಡಿ’ ಎಂದಿತ್ತು. ಒಂದು ಫೋಟೋದಲ್ಲಿ ತೆಳ್ಳಗಿನ ಒಬ್ಬಾತ ತೆಂಗಿನಕಾಯಿಯಷ್ಟು ದೊಡ್ಡ ಬೀಗ ಹಿಡಿದು ನಗುತ್ತಿದ್ದ. ಬೀಗ ಎಂದರೆ ಹಾರ್ಡ್‌ವೇರ್ ಅಲ್ಲವೇ? ಅಂಟಿಸಿದೆ. ಹಿಂದೆ ಊಟಿಯ ಪರದೆ ಹಾಕಿಸಿ ತೆಗೆಸಿಕೊಂಡ ದಪ್ಪನೆಯ ಒಬ್ಬರು ಕೊನೆಗೆ ಉಳಿದರು, ಅವರನ್ನು ಬದಿಗಿಟ್ಟೆ. ಎಲ್ಲ ಮುಗಿಯಿತು ಎಂದು ತಿಳಿಸಿದ್ದಕ್ಕೆ ಮರುದಿನ ಕೆಂಚಮ್ಮಾಳ್ ಫೋನು ಮಾಡಿ, “ಜೆಗದೀಸನ್ ಜಾದಗ, ಪೋಟೋ ಎಲ್ಲ ನಿಲಕ್ಕೋಟ್ಟೈ ಸೆಲ್ವಿ ಮನೆಗೆ ಕಳ್ಸಿಬಿಡು ಕಣ್ಣು” ಎಂದರು. ಕಳಿಸಿದೆ. ಹುಡುಗಿಗೆ ಒಪ್ಪಿಗೆ ಎಂದು ಸಂಜೆಗೇ ಸುದ್ದಿ ಬಂತು. ಕೆಂಚಮ್ಮಾಳ್ ಸಂತೋಷಪಟ್ಟು, ಹೆಣ್ಣು ನೋಡುವ ದಿನ ನನ್ನನ್ನೂ ಕರೆದೊಯ್ದರು.

ನಿಲಕ್ಕೋಟ್ಟೈಯ ಆ ಮನೆ ತುಂಬ ಮಲ್ಲಿಗೆ. ಬೆಳಿಗ್ಗೆ ಬಿಡಿಸಿದ ಹೂವಿನ ಮೂಟೆಗಳ ನಡುವೆ ಚಾಪೆ ಹಾಸಿದ್ದರು. ಜೆಗದೀಸನ್ ತಮ್ಮ ತಾಯಿಯ ಜೊತೆ ಬಂದು ಕೂತರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಊಟಿ ಪರದೆಯವರು.

ಸೆಲ್ವಿ ಬಂದಳು. ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸುವವಳು, ನಿಜವಾದ ಟೀಚರ್. ಅವಳಿಗೆ ನಮ್ಮ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಕಾಫಿ ಕೊಟ್ಟಳು, ಜೆಗದೀಸನ್ ಮುಖ ನೋಡಿದಳು, ಒಳಗೆ ಹೋಗಿ ಫೋನು ತಂದಳು. ಫೋನು ನೋಡಿದಳು, ಮುಖ ನೋಡಿದಳು. ಲೆಕ್ಕ ತಾಳೆಯಾಗಲಿಲ್ಲ.

“ಬೀಗ ಹಿಡಿದಿದ್ದವರು ಯಾರು?” ಎಂದು ತಮಿಳಿನಲ್ಲಿ ಕೇಳಿದಳು.

ಫೋನು ಕೆಂಚಮ್ಮಾಳ್ ಕೈಗೆ ಬಂತು. ನೋಡಿದರು, ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದರು.

“ಇವ್ನು ಬ್ಯಾಡ” ಎಂದರು ಕೊನೆಗೆ.

“ಏಕೆ? ಏನು ದೋಷ?” ಎಂದಳು ಸೆಲ್ವಿ.

“ದೋಸ ಏನೂ ಇಲ್ಲ.”

“ಮತ್ತೆ?”

“ನನ್ನ ಮಗ.”

ಮಗ ರಾಜೇಂದ್ರನ್. ಮೂವತ್ತನಾಲ್ಕು ವರ್ಷ. ದಿಂಡಿಗಲ್ಲಿನಲ್ಲಿ ಬೀಗ ಮಾಡುವ ಪಟ್ಟರೆಯಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ಕೆಲಸ. ನಾನೂರು ಮನೆಗೆ ಸಂಬಂಧ ನೋಡಿದ ತಾಯಿ ಅವನ ಫೋಟೋವನ್ನು ಕಂಪ್ಯೂಟರಿನ ಒಂದು ಮೂಲೆಯಲ್ಲಿಟ್ಟು, ಬಯೋಡೇಟಾ ಕೂಡ ಬರೆಯದೆ, ಆಗಾಗ ತೆಗೆದು ನೋಡಿ ಮುಚ್ಚುತ್ತಿದ್ದರಂತೆ. “ಊರಿಗೆಲ್ಲ ಪೊಣ್ಣು ತೋರ್ಸೋಳು ನಲ್ಲ ಪೊಣ್ಣು ಸಿಕ್ಕಿದ್ ಕೂಡ್ಲೆ ಸ್ವಂತ ಮಗನಿಗೆ ಇಟ್ಕೊಂಡ್ಳು ಅಂದ್ರೆ ನಾಳೆ ನನ್ನ ಯಾರು ನಂಬ್ತಾರೆ?” ಎಂದರು. ಅಷ್ಟು ಹೊತ್ತಿಗೆ ಜೆಗದೀಸನ್ ತಾಯಿ ಎದ್ದು ನಿಂತಿದ್ದರು. ಇದು ಬೇಕೆಂದೇ ಮಾಡಿದ ಆಟ, ನಮ್ಮನ್ನು ಕರೆಸಿ ಅವಮಾನ ಮಾಡಿದ್ದು ಎಂದು ಅವರ ಕೂಗು. ಆ ಮಾತು ಆ ಮನೆ ದಾಟಿದರೆ ಕೆಂಚಮ್ಮಾಳ್ ಅಷ್ಟು ವರ್ಷ ಕಟ್ಟಿದ ಹೆಸರು ಮುಗಿಯುತ್ತಿತ್ತು.

ನಾನು ಎದ್ದೆ. ತಪ್ಪು ನನ್ನದು ಎಂದೆ. ಯಾರೂ ನಂಬಲಿಲ್ಲ. ಮೆಕ್ಯಾನಿಕ್ ಎಂದು ನಂಬಿಸಲು ವರ್ಷಗಟ್ಟಲೆ ಹೆಣಗಿದವಳು ಈಗ ನಾನು ಎಂಥ ಕೆಟ್ಟ ಮೆಕ್ಯಾನಿಕ್ ಎಂದು ನಂಬಿಸಬೇಕಾಯಿತು. ಕೀಲಿ ರಿಪೇರಿಗೆ ಬಂದವರಿಗೆ ಡ್ರೈವ್ ಕಟ್ಟಿದ್ದು, ಖಾಲಿಯನ್ನು ತುಂಬಿದ್ದರ ಮೇಲೆ ಇಳಿಸಿದ್ದು, ಫಾರ್ಮ್ಯಾಟಿಗೆ ಹೌದು ಎಂದದ್ದು, ಎರಡು ದಿನ ಸುಳ್ಳು ಹೇಳಿದ್ದು, ಬೀಗ ನೋಡಿ ಹಾರ್ಡ್‌ವೇರ್ ಎಂದುಕೊಂಡದ್ದು, ಒಂದೂ ಬಿಡದೆ ಹೇಳಿದೆ. ಸೆಲ್ವಿ ಗಣಿತದವಳಲ್ಲವೇ, ನಡುನಡುವೆ ಪ್ರಶ್ನೆ ಕೇಳಿ ಒಂದೊಂದು ಹಂತವನ್ನೂ ಬಿಡಿಸಿದಳು. ಮೂಲೆಯಲ್ಲಿ ಹೂ ಕಟ್ಟುತ್ತ ಕೂತಿದ್ದ ಅವಳ ಅಜ್ಜಿ ಕೊನೆಗೆ ತೀರ್ಪು ಕೊಟ್ಟರು.

“ಇಟ್ಟೊಂದು ತಪ್ಪು ಬೇಕೂಂತ ಮಾಡಕ್ಕಾಗಲ್ಲ. ಪಾಪ, ಈಯಮ್ಮನ್ಗೆ ಕೆಲ್ಸ ಬರಲ್ಲ, ಅಟ್ಟೆ.”

ಜೆಗದೀಸನ್ ಆವರೆಗೆ ಬಜ್ಜಿ ತಿನ್ನುತ್ತಿದ್ದರು. ಕೈ ಒರೆಸಿಕೊಂಡು, “ಅಮ್ಮಾ, ಕೂತ್ಕೋ. ನಂಗೂ ಈ ಸಂಬಂಧ ಅಟ್ಟು ಇಸ್ಟ ಇರ್ಲಿಲ್ಲ, ನೀನು ಎಳ್ಕೊಂಡು ಬಂದೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನನ್ನ ಪೋಟೋ ಎಲ್ಲೈತೆ ಈಗ?” ಎಂದು ಕೇಳಿದರು. ಬದಿಗಿಟ್ಟಿದ್ದೇನೆ ಎಂದೆ. “ನಲ್ಲದಾಗಿ ಇಡಿ, ಅದು ಚೆನ್ನಾಗಿ ಬಂದೈತೆ” ಎಂದರು. ಅವರ ಆ ದೊಡ್ಡತನವನ್ನು ನಾನು ಮರೆಯಲಾರೆ. ಮುಂದಿನ ವರ್ಷ ಬೋಡಿಯ ಒಳ್ಳೇ ಮನೆಯ ಹುಡುಗಿಯನ್ನು ಕೆಂಚಮ್ಮಾಳೇ ಅವರಿಗೆ ಕೂಡಿಸಿದರು.

ಅಜ್ಜಿ ಹೂವಿನ ದಾರ ಕೆಳಗಿಟ್ಟು ಕೆಂಚಮ್ಮಾಳ್ ಕಡೆ ತಿರುಗಿದರು. “ಎಲ್ರಿಗೂ ಕೇಳ್ತೀಯಲ್ಲ, ಇಪ್ಪೊ ನೀನೇಳು. ನಿಂದು ಯಾವ ಕುಲ?”

ಜೀವನವಿಡೀ ಆ ಪ್ರಶ್ನೆ ಕೇಳಿದವರು ಅಂದು ಶಾಲೆ ಹುಡುಗಿಯಂತೆ ಸೆರಗು ಸರಿಮಾಡಿಕೊಂಡು ಉತ್ತರ ಹೇಳಿದರು. ಅಜ್ಜಿ ಬೆರಳು ಮಡಚಿ ಮೂರು ತಲೆಮಾರು ಎಣಿಸಿದರು. “ಆಗ್ತದೆ” ಎಂದರು. ಕೆಂಚಮ್ಮಾಳ್ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ನನ್ನ ಅಳು ಬೇರೆ ಕಾರಣಕ್ಕೆ.

ಸೆಲ್ವಿ, ರಾಜೇಂದ್ರನ್ ಮದುವೆ ಮುಗಿದು ಎರಡು ತಿಂಗಳಾದ ಮೇಲೆ ಕೆಂಚಮ್ಮಾಳ್ ಅಂಗಡಿಗೆ ಬಂದರು. ಹೊಸ ಎಸ್‌ಎಸ್‌ಡಿ ಹಾಕಿ, ಎರಡು ಕಡೆ ನಕಲು ಇಟ್ಟು, ಕಂಪ್ಯೂಟರನ್ನು ನಾನು ಯಾವಾಗಲೋ ತಲುಪಿಸಿದ್ದೆ. ಅವರ ಮುಖ ಸಪ್ಪಗಿತ್ತು.

“ಇದನ್ನ ತೆಗ್ದು ಅಳೇದು ಆಕ್ಬಿಡು ಕಣ್ಣು.”

“ಯಾಕೆ ಚಿಕ್ಕಮ್ಮಾ, ನಿಧಾನವಾ?”

“ಅಲ್ಲ. ಸೀಕ್ರ ಏಳ್ತದೆ. ಅದೇ ಕಸ್ಟ.”

ಆಮೇಲೆ ಬಿಡಿಸಿ ಹೇಳಿದರು. ಮನೆಯವರು ಬಂದು ಕೂರುತ್ತಾರೆ, ಇವರು ಗುಂಡಿ ಒತ್ತುತ್ತಾರೆ, ಹಳೇ ಡಿಸ್ಕು ಏಳಲು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಮಜ್ಜಿಗೆ ಕೊಟ್ಟು ಸುಮ್ಮನೆ ಕೂತರೆ ಬಂದವರಿಗೆ ಮಾತಾಡದೆ ಇರಲಾಗುವುದಿಲ್ಲ. ಗಂಡ ಹೆಂಡತಿ ಮಾತಿಗೆ ಮಾತು ಬೆಳೆಸುವುದು, ಅತ್ತೆ ಯಾರನ್ನು ಮುಂದೆ ಕೂರಿಸುತ್ತಾಳೆ, ಹುಡುಗ ಕುಡಿಯುತ್ತಾನಾ, ಎಲ್ಲ ಆಗಲೇ ಹೊರಬೀಳುವುದು. “ಬಯೋಡೇಟಾದಾಗೆ ಏನೈತೆ? ನಾನು ಮನೆ ನೋಡಿದ್ದೇ ಆ ಅತ್ತು ನಿಮಿಸದಾಗೆ” ಎಂದರು.

ಗಿರಾಕಿಗೆ ಎಷ್ಟು ವೇಗ ಬೇಕು ಎಂದು ನಾನು ಸಾವಿರ ಜನರನ್ನು ಕೇಳಿದ್ದೇನೆ. ನಿಧಾನವಾಗಿರುವಾಗ ನೀವೇನು ಮಾಡುತ್ತಿದ್ದಿರಿ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಹಳೇ ಡಿಸ್ಕು ಟಕ್ ಟಕ್ ಎನ್ನಲು ಶುರುಮಾಡಿದೆ, ಹಾಕುವಂತಿಲ್ಲ ಎಂದೆ. ನಿಟ್ಟುಸಿರು ಬಿಟ್ಟು ಹೋದರು.

ಈ ವರ್ಷ ನನ್ನ ತಮ್ಮನ ಮಗಳಿಗೆ ಸಂಬಂಧ ನೋಡಬೇಕೆಂದು ನಾನೂ ತಮ್ಮನೂ ಕಂಬಂಗೆ ಹೋದೆವು. ಕೆಂಚಮ್ಮಾಳ್ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತಿದರು. ಪರದೆ ಅವರ ಕಡೆಗೆ ತಿರುಗಿತ್ತು. “ಸ್ವಲ್ಪ ಕಾಯ್ರಿ, ಅಳೇ ಮಿಸಿನು, ಏಳ್ತಾ ಅದೆ” ಎಂದರು. ಅವರ ಕನ್ನಡಕದಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು: ಕಂಪ್ಯೂಟರ್ ಆಗಲೇ ಎದ್ದಿತ್ತು, ಅವರು ಅದರಲ್ಲಿ ಇಸ್ಪೀಟ್ ಆಡುತ್ತಿದ್ದರು. ಆ ಡ್ರೈವ್ ಆರಿಸಿದವಳು ನಾನು, ಕೂರಿಸಿದವಳು ನಾನು, ಅದು ಎಷ್ಟು ಸೆಕೆಂಡಿಗೆ ಏಳುತ್ತದೆ ಎಂದು ಬಲ್ಲವಳು ನಾನು. ಆದರೂ ಮಜ್ಜಿಗೆ ಲೋಟ ಹಿಡಿದು ಕಾದೆ. ಐದನೇ ನಿಮಿಷಕ್ಕೆ, ಹುಡುಗಿ ಅಡುಗೆಮನೆ ಕಡೆ ತಲೆ ಹಾಕುವುದಿಲ್ಲ, ಕೋಪ ಬಂದರೆ ಮೂರು ದಿನ ಮಾತಿಲ್ಲ, ಗೊರಕೆಯೂ ಉಂಟು ಎಂದು ಎಲ್ಲ ನಾನೇ ಹೇಳಿಬಿಟ್ಟಿದ್ದೆ.